ಮಂಚದಷ್ಟು ಎತ್ತರ

ಆ ಪಿಕಪ್ಪು ನಮ್ಮ ಡ್ರೈವ್‌ವೇಗೆ ಬಂದಿಳಿದಾಗ ನಾನು ಅಡುಗೆಮನೆಯ ಸಿಂಕಿನಲ್ಲಿ ಬಂಗುಡೆ ತೊಳೆಯುತ್ತಿದ್ದೆ. ದಾವಣಗೆರೆಯ ವೀರಭದ್ರಪ್ಪನವರ ಮಗಳು ರತ್ನಾ ಕೆನಡಾದಲ್ಲಿ ನಿಂತು ಬಂಗುಡೆ ತೊಳೆಯುತ್ತಾಳೆ ಎಂದು ಮದುವೆಗೆ ಮುಂಚೆ ಯಾರಾದರೂ ಅಂದಿದ್ದರೆ, ನಮ್ಮಪ್ಪ ಅವರನ್ನು ಹೊಸ್ತಿಲು ಹತ್ತಿಸುತ್ತಿರಲಿಲ್ಲ. ಋಣಾನುಬಂಧ, ಏನು ಮಾಡುವುದು. ನಾನು ಮೆಚ್ಚಿ ಮದುವೆಯಾದ ಜಯಪ್ರಕಾಶರು ಮಲ್ಪೆಯವರು. ಅವರ ತಾಯಿ ಕೊರಪ್ಪೊಳು ತಲೆಯ ಮೇಲೆ ಮೀನುಬುಟ್ಟಿ ಹೊತ್ತು, ಮಾರಿ, ಮಗನನ್ನು ಓದಿಸಿದವರು. ಕಿವಿರು ಹೇಗೆ ಕೀಳಬೇಕು, ಯಾವ ಮೀನಿಗೆ ಹುಣಸೆ ಹೆಚ್ಚು, ಯಾವುದಕ್ಕೆ ಕಡಿಮೆ, ಎಲ್ಲ ನನಗೆ ಕಲಿಸಿದವರು ಅವರೇ. ನಾನು ಮೀನು ಮಾಡುತ್ತೇನೆ, ತಿನ್ನುವುದಿಲ್ಲ. ಅತ್ತೆ ಒಂದು ದಿನವೂ ತಿನ್ನು ಅಂದವರಲ್ಲ.

ಕಿಟಕಿಯಿಂದ ನೋಡಿದರೆ ದೊಡ್ಡ ಲಾರಿಯೊಂದು ಬೆನ್ನು ಓರೆ ಮಾಡಿ ಏನನ್ನೋ ಇಳಿಸುತ್ತಿತ್ತು. ಒಂದು ಕಾಲಕ್ಕೆ ನೀಲಿಯಿದ್ದಿರಬಹುದಾದ ಗಾಡಿ. ಮುಂದೆ ಉದ್ದನೆಯ ಮೂತಿ, ನಡುವೆ ಮೂವರು ಒಂದೇ ಬೆಂಚಿನ ಮೇಲೆ ಕೂರುವ ಕ್ಯಾಬಿನ್ನು, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ. ಚಕ್ರದ ಮೇಲಿನ ತಗಡು ಚಳಿಗಾಲದ ರಸ್ತೆಯ ಉಪ್ಪು ತಿಂದು ಜರಡಿಯಾಗಿತ್ತು. ಪಕ್ಕದಲ್ಲಿ ನಮ್ಮ ಮಗಳು ಪ್ರಜ್ಞಾ. ಮಿಸಿಸಾಗದ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಕೆಲಸ ಕಲಿಯುತ್ತಿರುವವಳು. ಹೊಸ ಮದುಮಗಳನ್ನು ಇಳಿಸಿಕೊಳ್ಳುವವರ ಹಾಗೆ ಕೈ ಚಾಚಿಕೊಂಡು ನಿಂತಿದ್ದಳು.

ಊಟಕ್ಕೆ ಕೂತಾಗ ಶುರುವಾಯಿತು. ಇವರು ಅನ್ನಕ್ಕೆ ಸಾರು ಹಾಕಿಕೊಳ್ಳುವ ಮುಂಚೆಯೇ ಕೇಳಿದರು, "ಎಂತ ಅದು? ಮನೆ ಎದುರು ಗುಜರಿ ಅಂಗಡಿ ಇಡ್ಲಿಕ್ಕುಂಟಾ?"

"ಪಪ್ಪಾ, ಇಟ್ಸ್ ಎ ಕ್ಲಾಸಿಕ್. ಎಯ್ಟಿ ಸಿಕ್ಸ್ ಷೆವಿ. ಐ ಆಮ್ ಗೋಯಿಂಗ್ ಟು ಲೋವರ್ ಇಟ್."

ಲೋವರ್ ಎಂದರೆ ಏನೆಂದು ನನಗೂ ಗೊತ್ತಿರಲಿಲ್ಲ. ಗಾಡಿಯ ಮೈ ನೆಲಕ್ಕೆ ಹತ್ತಿರವಾಗುವ ಹಾಗೆ ಸ್ಪ್ರಿಂಗುಗಳನ್ನು ತಗ್ಗಿಸುವುದಂತೆ. ಯಾಕಮ್ಮಾ ಎಂದರೆ, ಹಾಗಿದ್ದರೆ ಚೆಂದವಂತೆ. ಅಂಗಡಿಗೆ ಕೊಟ್ಟರೆ ಗಾಡಿಯ ಬೆಲೆಗಿಂತ ಜಾಸ್ತಿ ಕೇಳುತ್ತಾರೆ, ಅದಕ್ಕೇ ಹಳೆಯ ಬಿಡಿಭಾಗ ಹುಡುಕಿ ತಂದು ತಾನೇ ಮಾಡುತ್ತಾಳಂತೆ.

ಇವರು ತುತ್ತನ್ನು ತಟ್ಟೆಗೇ ಹಾಕಿ ನನ್ನ ಕಡೆ ನೋಡಿದರು. "ಕೇಳಿದ್ಯಾ? ನಮ್ಮೂರಲ್ಲಿ ಟೆಂಪೋಗೆ ಸ್ಪ್ರಿಂಗಿನ ಇನ್ನೆರಡು ಪಟ್ಟಿ ಜಾಸ್ತಿ ಹಾಕಿ ಎತ್ತರ ಮಾಡ್ತಾರೆ. ಇವಳು ಇದ್ದದ್ದನ್ನು ಇಳಿಸ್ಲಿಕ್ಕೆ ಹೊರಟಿದ್ದಾಳೆ."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಆವತ್ತಿನಿಂದ ನಮ್ಮ ಮನೆ ಹಾಗಾಯಿತು. ಗರಾಜಿನ ತುಂಬ ಕಬ್ಬಿಣ. ಡೀಪ್ ಫ್ರೀಜರಿನ ಮುಂದೆ ಟೈರುಗಳ ಗೋಪುರ, ಒಂದು ಪ್ಯಾಕೆಟ್ ಮೀನು ತೆಗೆಯಬೇಕಾದರೆ ನಾನು ಸರ್ಕಸ್ಸಿನವಳಾಗಬೇಕು. ಇವರ ದೊಡ್ಡ ಕಾರು ಬೀದಿಗೆ ಬಿತ್ತು. ಪ್ಯಾಕಿಂಗ್ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿ ಇಡೀ ದಿನ ಎಲ್ಲವನ್ನೂ ಸಾಲಾಗಿ ಇಡಿಸುವ ಮನುಷ್ಯ ಇವರು. ಮನೆಗೆ ಬಂದರೆ ಎದುರಿಗೇ ಈ ಚೆಲ್ಲಾಪಿಲ್ಲಿ. ಸೀದಾ ಹಿತ್ತಲಿಗೆ ಹೋಗಿ ತಮ್ಮ ಕಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಆ ಕಲ್ಲುಹಾಸು ಇವರ ಪ್ರಾಣ. ಹೋದ ಬೇಸಿಗೆಯ ರಜೆಯನ್ನೆಲ್ಲ ಸುರಿದು, ಮರಳು ಹಾಸಿ, ಮಟ್ಟ ನೋಡಿ, ಚೌಕದ ಕಲ್ಲುಗಳನ್ನು ಒಂದೊಂದಾಗಿ ಕೂರಿಸಿದ್ದು. ಅದರ ಮೇಲೆ ಯಾರಾದರೂ ಕುರ್ಚಿ ಎಳೆದರೆ ಇವರ ಹಲ್ಲು ಕಟಕಟ ಅನ್ನುತ್ತಿತ್ತು.

ಗಾಡಿ ಮಾರು ಎಂದು ಇವರು, ಮಾರಲ್ಲ ಎಂದು ಅವಳು. ನಡುವೆ ಬಡಿಸುವವಳು ನಾನು.

ಈ ಗಲಾಟೆಯಲ್ಲಿ ಬಾಯಿ ಹಾಕದವರು ಅತ್ತೆ ಒಬ್ಬರೇ. ಅವರು ಜನವರಿಯಿಂದ ಮನೆ ಬಿಟ್ಟು ಹೊರಗೆ ಹೋಗಿರಲಿಲ್ಲ. ತುಳುವರ ಬಳಗದ ಹೊಸವರ್ಷದ ಊಟಕ್ಕೆ ಹೋದಾಗ, ನಮ್ಮ ಎತ್ತರದ ಕಾರಿನಿಂದ ಇಳಿಯಲೆಂದು ಇಟ್ಟ ಸ್ಟೂಲು ಹಿಮದ ಮೇಲೆ ಜಾರಿ ಬಿದ್ದುಬಿಟ್ಟರು. ಮೊದಲೇ ಸವೆದಿದ್ದ ಮಂಡಿ ಪೂರ್ತಿ ಹೋಯಿತು. ಬಿದ್ದದ್ದಕ್ಕಿಂತ ಆಮೇಲಿನದೇ ಅವರಿಗೆ ಹೆಚ್ಚು ನೋವಾಯಿತು. ಸಭಾಂಗಣದ ಬಾಗಿಲಲ್ಲಿ ಅಷ್ಟೂ ಜನ ನೋಡುತ್ತಿದ್ದಂತೆ ಇಬ್ಬರು ಗಂಡಸರು ಕಂಕುಳಿಗೆ ಕೈ ಕೊಟ್ಟು ಮೂಟೆ ಎತ್ತಿದ ಹಾಗೆ ಎತ್ತಿ ಸೀಟಿನ ಮೇಲಿಟ್ಟರು. ಅವತ್ತು ಮನೆಗೆ ಬಂದವರು ಎರಡು ಮಾತು ಹೇಳಿದರು: ಇನ್ನು ನೆಲ ಬಿಟ್ಟು ಯಾವುದರ ಮೇಲೂ ಕಾಲಿಡುವುದಿಲ್ಲ, ಯಾರಿಂದಲೂ ಎತ್ತಿಸಿಕೊಳ್ಳುವುದಿಲ್ಲ. ಸಣ್ಣ ಕಾರು ತರಿಸಿದೆವು. ಅದರ ಸೀಟು ಬಾವಿಯ ಹಾಗೆ, ಕೂತರೆ ಏಳಲಾಗದು. ಗಾಲಿಕುರ್ಚಿ ಸಮೇತ ಹತ್ತಿಸುವ ವ್ಯಾನು ಕರೆಸೋಣವೆಂದರೆ, ಅದೂ ಎತ್ತುವುದೇ ಅಲ್ಲವೇ ಎಂದರು.

ಅವರಿಗೆ ಹೋಗಬೇಕಿದ್ದದ್ದು ಒಂದೇ ಕಡೆ, ಗಂಟೆಯ ದಾರಿಯ ಪಿಕರಿಂಗಿಗೆ. ಅಲ್ಲಿ ಅವರ ತಮ್ಮ ತುಕ್ರ ಮಾವ ಮಗಳ ಮನೆಯಲ್ಲಿದ್ದರು. ಚಳಿಗಾಲದಲ್ಲಿ ಅವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಹಾಸಿಗೆ, ಗಾಲಿಕುರ್ಚಿ, ಅಷ್ಟೇ ಅವರ ಲೋಕ. ಫೋನಿನಲ್ಲಿ ಮುಖ ತೋರಿಸಿದರೆ ಬರೀ ಅಳುತ್ತಿದ್ದರು. ಅತ್ತೆ ಒಂದು ಸಲ ನೋಡಿ ಫೋನು ಮಗುಚಿಟ್ಟವರು ಮತ್ತೆ ಕೇಳಲಿಲ್ಲ.

ಅತ್ತೆಗೊಂದು ಅಭ್ಯಾಸ. ಒಂದು ಕೆಲಸ ಮುಗಿಯಿತು, ಇನ್ನು ಮುಂದಕ್ಕೆ ನಡೆಯಬಹುದು ಅಂದರೆ ಅಂಗೈಯಲ್ಲಿ ಎರಡು ಸಲ ಬಡಿಯುತ್ತಾರೆ. ಊಟವಾದರೆ ಮೇಜಿಗೆ ಎರಡು, ಸ್ನಾನವಾದರೆ ಬಚ್ಚಲ ಬಾಗಿಲಿಗೆ ಎರಡು. ಸೊಸೆಯಾಗಿ ಬಂದ ಹೊಸದರಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನೇನು ಸದ್ದು ಕೇಳಿ ಓಡಿ ಬರುವ ಹೋಟೆಲ್ ಮಾಣಿಯೇ? ವರ್ಷಗಳು ಕಳೆದ ಹಾಗೆ ಸಿಟ್ಟು ಹೋಯಿತು, ಬಡಿತ ಉಳಿಯಿತು.

ಏಪ್ರಿಲ್ ಕೊನೆಯಲ್ಲಿ ಬಿಸಿಲು ಬಂದ ದಿನ ಅತ್ತೆ ವಾಕರ್ ಹಿಡಿದು ಗರಾಜಿನ ಬಾಗಿಲವರೆಗೆ ಬಂದರು. ನಾನು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟೆ. ಪ್ರಜ್ಞಾ ಗಾಡಿಯ ಕೆಳಗೆ ಮಲಗಿದ್ದಳು, ಕಾಲು ಮಾತ್ರ ಕಾಣುತ್ತಿತ್ತು. ಅತ್ತೆ ಬಹಳ ಹೊತ್ತು ತೆರೆದ ಬಾಗಿಲೊಳಗಿನ ಸೀಟನ್ನೇ ನೋಡುತ್ತಿದ್ದರು. ಅಗಲ ಬಾಗಿಲು, ಚಪ್ಪಟೆ ಬೆಂಚು, ನಡುವೆ ಏನೂ ಅಡ್ಡವಿಲ್ಲ.

"ಎಷ್ಟು ಇಳಿಸ್ತಿ ಮಗಾ ಇದನ್ನು?"

"ಫೋರ್ ಇಂಚಸ್ ಅಜ್ಜಿ. ಮೇಬಿ ಫೈವ್."

"ನನ್ನ ಮಂಚದಷ್ಟು ಆಗ್ತದಾ?"

ಗಾಡಿಯ ಕೆಳಗಿನ ಕಾಲುಗಳು ನಿಂತವು. ಪ್ರಜ್ಞಾ ಉರುಳಿ ಹೊರಗೆ ಬಂದು ಕೂತಳು. ಅತ್ತೆ ತಮ್ಮ ಲೆಕ್ಕ ಹೇಳಿದರು. ಮಂಚಕ್ಕೆ ಅವರು ಬೆನ್ನು ತಾಗಿಸಿ ನಿಲ್ಲುತ್ತಾರೆ, ಹಿಂದಕ್ಕೆ ಕೂರುತ್ತಾರೆ, ಆಮೇಲೆ ಕೈಯಲ್ಲಿ ಕಾಲು ಎತ್ತಿ ಒಳಗೆ ಇಟ್ಟುಕೊಳ್ಳುತ್ತಾರೆ. ಯಾರ ಸಹಾಯವೂ ಬೇಡ. ಈ ಸೀಟು ಮಂಚದ ಎತ್ತರಕ್ಕೆ ಬಂದರೆ ಹಾಗೆಯೇ ಕೂತು ಪಿಕರಿಂಗಿಗೆ ಹೋಗಬಹುದು.

ಪ್ರಜ್ಞಾ ಗ್ರೀಸ್ ಕೈಯಲ್ಲೇ ಟೇಪು ಹಿಡಿದು ಅಜ್ಜಿಯ ಕೋಣೆಗೆ ಹೋದಳು. ಹಾಸಿಗೆಯ ಹೊದಿಕೆಗೆ ಕಪ್ಪು ಬೆರಳಚ್ಚು ಮಾಡಿ ಬಂದಳು. ಅದಿನ್ನೂ ಹೋಗಿಲ್ಲ.

ಅಂದಿನಿಂದ ಚೆಂದದ ಮಾತು ಹೋಯಿತು, ಮಂಚದ ಮಾತು ಬಂತು. ಇವರಿಗೂ ಬಾಯಿ ಕಟ್ಟಿತು. ತಾಯಿ ಬಾಯಿಬಿಟ್ಟು ಕೇಳಿದ್ದನ್ನು ಮಗ ಬೇಡ ಅನ್ನುವುದು ಹೇಗೆ? ಆದರೂ ಆಗುವುದಿಲ್ಲ ಎನ್ನುವ ನಂಬಿಕೆ ಇವರಿಗೆ ಗಟ್ಟಿಯಾಗಿತ್ತು. ದಿನಾ ಸಂಜೆ ಗರಾಜಿನ ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತು ತಪ್ಪು ಹುಡುಕುವುದೇ ಕೆಲಸ.

ಆ ವಾರಗಳಲ್ಲಿ ನಾನು ಕಂಡದ್ದನ್ನು ಹೇಳಬೇಕು. ನಾನು ಹೆತ್ತ ಹುಡುಗಿ, ಚಪಾತಿ ಲಟ್ಟಿಸಿದರೆ ಕೆನಡಾದ ಭೂಪಟ ಮಾಡುವವಳು, ಅಷ್ಟು ದೊಡ್ಡ ಗಾಡಿಯನ್ನು ನಾಲ್ಕು ಕಬ್ಬಿಣದ ಕಾಲಿನ ಮೇಲೆ ನಿಲ್ಲಿಸಿ, ಚಕ್ರಗಳನ್ನೆಲ್ಲ ಕಳಚಿ, ಅದರ ಹೊಟ್ಟೆಯ ಕೆಳಗೆ ನೆಮ್ಮದಿಯಾಗಿ ಮಲಗಿ ಕೆಲಸ ಮಾಡುತ್ತಿದ್ದಳು. ಮುಂದಿನ ಸ್ಪ್ರಿಂಗು ದಪ್ಪ ಸುರುಳಿ. ಅದುಮಿ ಕೂರಿಸಿದ್ದು ಹಾರಿದರೆ ಜೀವ ತೆಗೆಯುತ್ತದೆ ಎಂದು ಅವಳೇ ಹೇಳಿದಳು. ಅದನ್ನು ಸರಪಳಿಯಿಂದ ಬಿಗಿದು ಜಾಕನ್ನು ಕೂದಲೆಳೆಯಷ್ಟೇ ಇಳಿಸುತ್ತ, ನಿಲ್ಲಿಸುತ್ತ, ಮತ್ತೆ ಇಳಿಸುತ್ತ ಹೋದಳು. ನಾನು ಬಾಗಿಲಲ್ಲಿ ಮಂಜುನಾಥಸ್ವಾಮಿಯನ್ನು ನೆನೆಯುತ್ತ ನಿಂತಿದ್ದೆ. ಸುರುಳಿ ಸದ್ದಿಲ್ಲದೆ ಸಡಿಲಾಗಿ ಅವಳ ಕೈಗೆ ಬಂತು. ಎತ್ತಿ ನನಗೆ ಕೊಟ್ಟಳು. ಎರಡು ಕೈಯಲ್ಲಿ ಹಿಡಿದುಕೊಂಡೆ. ಇಷ್ಟು ವರ್ಷ ಕಾರಲ್ಲಿ ಓಡಾಡಿದ್ದೇನೆ. ಒಂದು ಗಾಡಿ, ಅದರೊಳಗಿನ ಮನುಷ್ಯರು, ಅವರ ಸಾಮಾನು ಎಲ್ಲ ನಿಂತಿರುವುದು ಹೀಗೆ ಬಗ್ಗಿದ ಒಂದಿಷ್ಟು ಉಕ್ಕಿನ ಮೇಲೆ ಎಂದು ಅವತ್ತೇ ಗೊತ್ತಾದದ್ದು.

ಸುರುಳಿಯನ್ನು ಒಂದು ಸುತ್ತು ಕತ್ತರಿಸಬೇಕಿತ್ತು. ಇವರು ಟೀ ಲೋಟ ಕೆಳಗಿಟ್ಟು, ಗ್ಯಾಸಿನ ಬೆಂಕಿ ಹಿಡಿದರೆ ಒಂದು ನಿಮಿಷದ ಕೆಲಸ, ಆಫೀಸಿನಿಂದ ತರಲಾ ಎಂದರು. ಇವರಾಗಿ ಸಹಾಯಕ್ಕೆ ಬಂದದ್ದು ಅದೇ ಮೊದಲು.

"ನೋ ಹೀಟ್, ಪಪ್ಪಾ. ಬಿಸಿ ಮಾಡಿದ್ರೆ ಸ್ಟೀಲ್ ಡೈಸ್. ಮತ್ತೆ ಅದು ಸ್ಪ್ರಿಂಗೇ ಅಲ್ಲ."

ಕತ್ತರಿಸುವ ಚಕ್ರ ಹಿಡಿದು, ಒದ್ದೆ ಬಟ್ಟೆ ಒತ್ತಿ ತಣಿಸುತ್ತ, ನಿಧಾನವಾಗಿ ಕೊಯ್ದಳು. ಇವರು ಟೀ ಮರೆತು ಬಟ್ಟೆ ಹಿಂಡಿ ಹಿಂಡಿ ಕೊಡುತ್ತಿದ್ದರು. ನಾನು ನೋಡಿಯೂ ನೋಡದ ಹಾಗೆ ಒಳಗೆ ಹೋದೆ.

ಹಿಂದಿನದು ಪಟ್ಟಿಗಳ ಸ್ಪ್ರಿಂಗು. ಆಕ್ಸಲಿನ ಮೇಲೆ ಕೂತಿದ್ದ ಪಟ್ಟಿಗಳನ್ನು ಬಿಚ್ಚಿ ಆಕ್ಸಲಿನ ಕೆಳಗೆ ಕಟ್ಟಿದಳು. ಮೇಲಿದ್ದದ್ದು ಕೆಳಗೆ, ಅಷ್ಟೇ ಉಪಾಯ. ಆಕ್ಸಲ್ ತಾಗದಂತೆ ಚಾಸಿಯಲ್ಲಿ ಅರ್ಧಚಂದ್ರ ಕೊರೆದು ದಪ್ಪ ತಗಡು ಬಿಗಿದಳು. ಅದಕ್ಕೆ ಬೇಕಾದದ್ದೆಲ್ಲ ಯಾರೋ ಬಿಚ್ಚಿ ಮೂಲೆಗೆಸೆದಿದ್ದ ಹಳೆಯ ಸಾಮಾನೇ. ಕೊನೆಗೆ ಚಕ್ರ ಹಾಕಿ ಗಾಡಿಯನ್ನು ನೆಲಕ್ಕಿಳಿಸಿದಾಗ ಅದು ಇಳಿಯಿತು, ಇಳಿಯಿತು, ಇನ್ನೂ ಇಳಿಯಿತು. ಮಂಡಿಯೂರಿದ ಎತ್ತಿನ ಹಾಗೆ ಕೂತುಬಿಟ್ಟಿತು. ಬೀದಿಯಲ್ಲಿ ನಾಯಿ ಕರೆದುಕೊಂಡು ಹೋಗುತ್ತಿದ್ದವರು ನಿಂತು ನೋಡಿದರು.

ಟೇಪು ಹಿಡಿದರೆ ಮಂಚಕ್ಕಿಂತ ಎರಡು ಬೆರಳು ಎತ್ತರ. ಹೊಸದಾಗಿ ಬಿಗಿದ ಸ್ಪ್ರಿಂಗು ಓಡಾಡಿದ ಮೇಲೆ ಕೂರುತ್ತದೆ, ಒಂದು ವಾರ ಬಿಡಿ ಎಂದಳು ಪ್ರಜ್ಞಾ. ದಿನಾ ಅದರಲ್ಲೇ ಕೆಲಸಕ್ಕೆ ಹೋಗಿಬಂದಳು.

ಆ ವಾರವೇ ಅಕ್ಕಿ ಬಂತು. ಬಳಗದ ಮನೆಗಳಿಗೆಲ್ಲ ಕುಚ್ಚಲಕ್ಕಿ ಸಗಟಿನಲ್ಲಿ ತರಿಸುವುದು ಇವರ ಉಸ್ತುವಾರಿ. ಪ್ರತಿ ಸಲ ಗರಾಜಿನಲ್ಲಿ ಪೇರಿಸುತ್ತಿದ್ದರು. ಈ ಸಲ ಗರಾಜಿನಲ್ಲಿ ಕಾಲಿಡಲು ಜಾಗವಿಲ್ಲ. ಇವರು ಗೊಣಗುತ್ತ ಅಷ್ಟೂ ಚೀಲಗಳನ್ನು ಪಿಕಪ್ಪಿನ ತೊಟ್ಟಿಗೆ ತುಂಬಿ, ಮಳೆ ಬಂದೀತೆಂದು ಟಾರ್ಪಾಲು ಬಿಗಿದರು. ಗುಜರಿ ಗಾಡಿ ಒಂದು ಉಪಯೋಗಕ್ಕಾದರೂ ಬಂತು ಎಂದರು. ಪ್ರಜ್ಞಾ ಆ ಎರಡು ದಿನ ಬಸ್ಸಿನಲ್ಲಿ ಕೆಲಸಕ್ಕೆ ಹೋದಳು.

ಗುರುವಾರ ಸಂಜೆ ಅವಳು ಮತ್ತೆ ಟೇಪು ಹಿಡಿದಳು. ಸರಿಯಾಗಿ ಮಂಚದಷ್ಟು. ಒಂದು ಎಳ್ಳಿನಷ್ಟೂ ಹೆಚ್ಚಿಲ್ಲ.

"ಸೆಟಲ್ ಆಯ್ತು," ಎಂದು ಅವಳು ಹೇಳಿದ ದನಿ ಕೇಳಿ ನಾನು ಒಲೆ ಆರಿಸಿ ಹೊರಗೆ ಓಡಿದೆ.

ಅತ್ತೆ ವಾಕರ್ ಹಿಡಿದು ಬಂದರು. ಗಾಡಿಗೆ ಬೆನ್ನು ಮಾಡಿ ನಿಂತರು. ಇವರು ಎರಡು ಕೈ ಮುಂದೆ ಚಾಚಿದರು. ಅತ್ತೆ ಒಂದು ನೋಟ ಬೀರಿದರು, ಕೈಗಳು ಹಿಂದಕ್ಕೆ ಹೋದವು. ಅತ್ತೆ ಕೂತರು. ಮಂಚದ ಮೇಲೆ ಕೂತ ಹಾಗೆಯೇ. ಒಂದೊಂದಾಗಿ ಕಾಲುಗಳನ್ನು ಒಳಗಿಟ್ಟುಕೊಂಡು ಮುಂದಿನ ಗಾಜಿನೊಳಗಿಂದ ಬೀದಿ ನೋಡಿದರು.

"ಇಪ್ಪತ್ತು ವರ್ಷದ ಮೇಲಾಯ್ತು ನಾನು ಟೆಂಪೋದಲ್ಲಿ ಹೋದದ್ದು," ಎಂದರು. "ಮುಂದೆ ಕೂತದ್ದು ಇವತ್ತೇ."

ಆಮೇಲೆ ಅವರು ಹೇಳಿದ ಸಂಗತಿ ನನಗೂ ಗೊತ್ತಿರಲಿಲ್ಲ, ಮಗನಿಗೂ ಪೂರ್ತಿ ಗೊತ್ತಿರಲಿಲ್ಲ. ಮಲ್ಪೆ ಬಂದರಿನಿಂದ ಮೀನು ಹೊತ್ತು ಘಟ್ಟದ ಬುಡದ ಪೇಟೆಗಳಿಗೆ ಹೋಗುತ್ತಿದ್ದ ಟೆಂಪೋಗೆ ತುಕ್ರ ಮಾವನೇ ಡ್ರೈವರು. ಮುಂದಿನ ಸೀಟು ಧಣಿಯ ಗುಮಾಸ್ತನಿಗೆ. ಹೆಂಗಸರು ಬುಟ್ಟಿಗಳ ಜೊತೆ ಹಿಂದೆ, ಬಿಸಿಲಿಗೆ, ಮಳೆಗೆ. ಗುಮಾಸ್ತ ಬಾರದ ದಿನವೂ ಮುಂದೆ ಕೂರಿಸುವ ಹಾಗಿಲ್ಲ, ಸೀಟಿಗೆ ಮೀನಿನ ವಾಸನೆ ಹಿಡಿಯುತ್ತದೆ ಎಂದು ಧಣಿಯ ಕಟ್ಟಪ್ಪಣೆ. ಸ್ವಂತ ತಮ್ಮ ಓಡಿಸುವ ಗಾಡಿಯಲ್ಲಿ ಅಕ್ಕ ಹಿಂದೆ.

"ಎಲ್ಲರೂ ಹತ್ತಿ ಆದ ಮೇಲೆ ನಾನು ಗಾಡಿಯ ತಗಡಿಗೆ ಎರಡು ಸಲ ಬಡಿಯುವುದು. ರೈಟ್ ಅಂತ. ಮತ್ತೆ ತುಕ್ರ ಗಾಡಿ ಬಿಡುವುದು. ಅವನಿಗೆ ನನ್ನ ಮುಖ ಕಾಣುವುದಿಲ್ಲ, ನನಗೆ ಅವನದ್ದು ಕಾಣುವುದಿಲ್ಲ. ಆ ಸದ್ದು ಒಂದೇ."

ನನ್ನ ಮೇಜಿಗೆ, ಬಚ್ಚಲ ಬಾಗಿಲಿಗೆ ಬಿದ್ದ ಅಷ್ಟೂ ಬಡಿತಗಳು ನನಗೆ ಒಟ್ಟಿಗೇ ಕೇಳಿಸಿದವು. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಒಲೆಯ ನೆಪ ಹೇಳಿ ಒಳಗೆ ಬಂದೆ.

ಮರುದಿನವೇ ಪಿಕರಿಂಗಿನಿಂದ ಫೋನು. ತುಕ್ರ ಮಾವನಿಗೆ ಆರೈಕೆಯ ಮನೆಯಲ್ಲಿ ಜಾಗ ಸಿಕ್ಕಿತು. ವರ್ಷಗಟ್ಟಲೆ ಕಾದರೂ ಸಿಗದ್ದು ಸಿಕ್ಕಿತು ಎಂದು ಖುಷಿಪಡಬೇಕು, ಆದರೆ ಸಿಕ್ಕಿದ್ದು ಮೂರು ಗಂಟೆ ದೂರದ ಕಿಂಗ್‌ಸ್ಟನ್ನಿನಲ್ಲಿ. ಸೋಮವಾರ ಬೆಳಿಗ್ಗೆಯೇ ಕರೆದುಕೊಂಡು ಹೋಗಬೇಕು, ತಪ್ಪಿದರೆ ಜಾಗ ಹೋಯಿತು. ಅಷ್ಟು ದೂರದ ಪ್ರಯಾಣ ಅತ್ತೆಯ ಮಂಡಿಗೆ ಸಾಧ್ಯವಿಲ್ಲ. ಮಾವ ಮತ್ತೆ ಈ ಕಡೆ ಬರುವ ಮಾತೂ ಇಲ್ಲ. ಅಕ್ಕ ತಮ್ಮ ಒಂದೇ ಕೋಣೆಯಲ್ಲಿ ಕೂರುವುದಿದ್ದರೆ ಆ ಭಾನುವಾರವೇ, ಮತ್ತಿಲ್ಲ. ಅತ್ತೆ ಅಳಲಿಲ್ಲ. ಭಾನುವಾರಕ್ಕೆ ಬಂಗುಡೆ ಪುಳಿಮುಂಚಿ ಮಾಡು ರತ್ನಾ, ಅವನಿಗೆ ಮುಳ್ಳು ಬಿಡಿಸಿ ಕೊಡಬೇಕು ಎಂದರು. ಟ್ರಂಕಿನಿಂದ ಮಾವಿನಕಾಯಿ ಬಣ್ಣದ ರೇಷ್ಮೆ ಸೀರೆ ತೆಗೆಸಿದರು.

ಶನಿವಾರ ಬಳಗದವರು ಬಂದು ಟೀ ಕುಡಿದು, ಪಿಕಪ್ಪನ್ನು ಸುತ್ತಿ ನೋಡಿ, ತಲೆದೂಗಿ, ತಮ್ಮ ತಮ್ಮ ಅಕ್ಕಿ ಚೀಲ ತೆಗೆದುಕೊಂಡು ಹೋದರು.

ಭಾನುವಾರ ಬೆಳಿಗ್ಗೆ ಅತ್ತೆ ಸೀರೆಯುಟ್ಟು, ಮುಡಿಗೆ ನಾನು ಭಾರತದ ಅಂಗಡಿಯಿಂದ ತಂದ ಮಲ್ಲಿಗೆ ಇಟ್ಟುಕೊಂಡು ಹೊರಗೆ ಬಂದರು. ಗಾಡಿಗೆ ಬೆನ್ನು ಮಾಡಿ ನಿಂತರು. ಕೂರಲು ಹೋದರು. ಕೂರಲಾಗಲಿಲ್ಲ. ಸೀಟಿನ ಅಂಚು ಸೊಂಟದ ಕೆಳಗೆ ಸಿಗಬೇಕಾದಲ್ಲಿ ಮೇಲೆ ಸಿಕ್ಕಿತು. ಹಿಮ್ಮಡಿ ನೆಲ ಬಿಟ್ಟಿತು, ಮಂಡಿ ನಡುಗಿತು, ಜಾರಿ ಮತ್ತೆ ವಾಕರಿಗೆ ಬಂದರು. ಇನ್ನೊಮ್ಮೆ ನೋಡಿದರು. ಮೂರನೆಯ ಸಲ ತುಟಿ ಕಚ್ಚಿಕೊಂಡು ಪ್ರಯತ್ನಿಸಿದರು.

ಇವರಿಗೆ ತಡೆಯಲಾಗಲಿಲ್ಲ. ಅರ್ಧ ನಿಮಿಷ ಅಮ್ಮಾ, ನಾನೇ ಎತ್ತಿ ಕೂರಿಸುತ್ತೇನೆ, ನಮ್ಮ ಮನೆಯವರೇ ಇರುವುದು, ಯಾರು ನೋಡುತ್ತಾರೆ ಎಂದು ಅಂಗಲಾಚಿದರು.

ಅತ್ತೆ ಯಾವತ್ತೂ ದನಿ ಎತ್ತಿದವರಲ್ಲ, ಅವತ್ತೂ ಎತ್ತಲಿಲ್ಲ. "ಹೊತ್ತು ಬದುಕಿದವಳು ನಾನು. ತಮ್ಮನ ಎದುರಿಗೆ ಹೊರಿಸಿಕೊಂಡು ಇಳಿಯುವುದಿಲ್ಲ. ಮೀನು ನೀವು ತಗೊಂಡು ಹೋಗಿ."

ವಾಕರನ್ನು ಮನೆಯ ಕಡೆ ತಿರುಗಿಸಿದರು. ಇವರ ಸಿಟ್ಟು ಮಗಳ ಮೇಲೆ ಹೋಯಿತು. ಅಳತೆ ಗೊತ್ತಿಲ್ಲದ ಮೇಲೆ ವಯಸ್ಸಾದವರಿಗೆ ಆಸೆ ಯಾಕೆ ಹುಟ್ಟಿಸಿದೆ ಎಂದರು. ಪ್ರಜ್ಞಾಳ ಮುಖ ಸುಣ್ಣವಾಗಿತ್ತು. ಗುರುವಾರ ಸರಿ ಇತ್ತು, ಐ ಮೆಷರ್ಡ್ ಇಟ್ ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು.

ನಾನು ಮೀನಿನ ಡಬ್ಬಿ ಹಿಡಿದು ಗಾಡಿಯ ಹಿಂದೆ ನಿಂತಿದ್ದೆ. ಅಲ್ಲಿಂದ ನೋಡಿದರೆ ಹಿಂದಿನ ಟೈರು ಗುರುವಾರ ಕಂಡದ್ದಕ್ಕಿಂತ ಜಾಸ್ತಿ ಕಾಣುತ್ತಿತ್ತು. ತೊಟ್ಟಿಯ ಮೂಲೆಯಲ್ಲಿ ಒಂದು ಹಿಡಿ ಕೆಂಪು ಅಕ್ಕಿ ಚೆಲ್ಲಿತ್ತು.

"ಪ್ರಜ್ಞಾ," ಎಂದೆ, "ಗುರುವಾರ ಇದರಲ್ಲಿ ಅಕ್ಕಿ ಇತ್ತಲ್ಲೇ."

ಅವಳು ಹಣೆ ಬಡಿದುಕೊಂಡು ಅಲ್ಲೇ ಕುಕ್ಕರಿಸಿದಳು. ಸ್ಪ್ರಿಂಗು ಸೆಟಲ್ ಆಗಿರಲಿಲ್ಲ. ನಲವತ್ತು ಮನೆಯ ಅಕ್ಕಿ ಮೇಲೆ ಕೂತು ಅದನ್ನು ಅದುಮಿತ್ತು. ಪೇರಿಸಿದವರು ಇವರು, ಅಳೆದವಳು ಅವಳು, ನೋಡುತ್ತ ನಿಂತವಳು ನಾನು. ಮೂವರ ಕಣ್ಣೆದುರಿಗೇ ಇದ್ದರೂ ಒಬ್ಬರಿಗೂ ಹೊಳೆಯಲಿಲ್ಲ. ನಮ್ಮ ಜನಕ್ಕೆ ಅಕ್ಕಿ ಎಂದರೆ ಅನ್ನ, ಅದಕ್ಕೂ ಒಂದು ಭಾರ ಉಂಟೆಂದು ಯಾರು ಯೋಚಿಸುತ್ತಾರೆ? ಇನ್ನೊಂದು ಪಟ್ಟಿ ತೆಗೆದರೆ ಸರಿಹೋಗುತ್ತದೆ, ಆದರೆ ಅದು ಒಂದು ದಿನದ ಕೆಲಸ ಎಂದಳು. ಒಂದು ದಿನ ನಮ್ಮ ಹತ್ತಿರ ಇರಲಿಲ್ಲ. ಅಕ್ಕಿಯೆಲ್ಲ ಊರೂರಿಗೆ ಹಂಚಿಹೋಗಿತ್ತು.

ಇವರು ಒಂದು ಗಳಿಗೆ ತೊಟ್ಟಿಯನ್ನೇ ನೋಡಿದರು. ಆಮೇಲೆ ಮನೆಯ ಪಕ್ಕದ ಸಂದಿಯಲ್ಲಿ ಹಿತ್ತಲಿಗೆ ಹೋದರು. ಸಿಟ್ಟು ಬಂದರೆ ಹೋಗುವ ಜಾಗ ಅದೇ, ಈಗಲೂ ಹೋದರಲ್ಲ ಎಂದು ನನಗೆ ಮೈ ಉರಿಯಿತು. ಅಷ್ಟರಲ್ಲಿ ಹಾರೆ ಕಲ್ಲಿಗೆ ತಾಗುವ ಸದ್ದು ಕೇಳಿಸಿತು.

ಹೋಗಿ ನೋಡಿದರೆ ಇವರು ಇಸ್ತ್ರಿಯ ಅಂಗಿಯಲ್ಲೇ ಮಂಡಿಯೂರಿ ತಮ್ಮ ಕಲ್ಲುಹಾಸನ್ನು ಕೀಳುತ್ತಿದ್ದಾರೆ. ಒಂದು ಬೇಸಿಗೆ ಪೂರ್ತಿ ಮಟ್ಟ ನೋಡಿ ಕೂರಿಸಿದ ಕಲ್ಲುಗಳು. ಒಂದನ್ನು ಎಬ್ಬಿಸಿ ಹೊಟ್ಟೆಗೊತ್ತಿ ಹಿಡಿದು ನನ್ನ ಪಕ್ಕದಲ್ಲೇ ಹಾದುಹೋದರು. ನನ್ನ ಕಡೆ ನೋಡಲೂ ಇಲ್ಲ. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಗಂಡಸು ಹೀಗೂ ಇದ್ದಾನೆಯೇ ಎಂದು ನಾನು ಗೋಡೆ ಹಿಡಿದು ನಿಂತೆ. ಆಮೇಲೆ ಡಬ್ಬಿ ಕೆಳಗಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಪ್ರಜ್ಞಾ ಆಗಲೇ ಓಡಿ ಬಂದಿದ್ದಳು.

ಅತ್ತೆ ಮನೆಯೊಳಗೆ ಹೋಗಲಿಲ್ಲ. ಮೊದಲ ಕಲ್ಲು ತೊಟ್ಟಿಗೆ ಬಿದ್ದ ಸದ್ದಿಗೇ ವಾಕರ್ ತಿರುಗಿತ್ತು. ಹಿಂದಕ್ಕೆ ತಳ್ಳು ಮಗಾ, ಗಾಲಿಯ ಮೇಲೆ ಬರಲಿ, ಎರಡು ಬದಿಗೂ ಸಮ ಇಡು ಎಂದು ಹೇಳತೊಡಗಿದರು. ಒಂದೊಂದು ಕಲ್ಲಿಗೂ ಗಾಡಿ ಒಂದೊಂದು ಕೂದಲೆಳೆ ಇಳಿಯಿತು. ಪ್ರಜ್ಞಾ ಟೇಪು ಹಿಡಿಯಲು ಹೋದಳು, ಅಜ್ಜಿ ಬೇಡವೆಂದು ತಲೆಯಾಡಿಸಿದರು. ಕಲ್ಲುಗಳ ಮೇಲೆ ಟಾರ್ಪಾಲು ಬಿಗಿದಾಗ ಇವರ ಬಿಳಿ ಅಂಗಿ ಮಣ್ಣಿನ ಬಣ್ಣವಾಗಿತ್ತು.

ಅತ್ತೆ ಗಾಡಿಗೆ ಬೆನ್ನು ಮಾಡಿ ನಿಂತರು. ಹಿಂದಕ್ಕೆ ಬಾಗಿದರು. ಮಂಚದ ಮೇಲೆ ಕೂತ ಹಾಗೆ ಕೂತರು.

ಇವರು ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡು, ಹಿಂದಿನಿಂದ ಕಾರಲ್ಲಿ ಬರ್ತೇನೆ, ನೀವು ಹೊರಡಿ ಎಂದರು. ಮಗಳ ಬೆನ್ನ ಮೇಲೆ ಒಂದು ಸಲ ಕೈಯಿಟ್ಟು ತೆಗೆದರು. ಅವಳ ಅಂಗಿಯ ಮೇಲೆ ಐದು ಬೆರಳಿನ ಮಣ್ಣು ಮೂಡಿತು. ಅವಳು ಒರೆಸಿಕೊಳ್ಳಲಿಲ್ಲ.

ಬೆಂಚಿನ ಮೇಲೆ ಓಡಿಸುವ ಪ್ರಜ್ಞಾ, ನಡುವೆ ನಾನು, ಬಾಗಿಲ ಕಡೆ ಅತ್ತೆ. ಹೆದ್ದಾರಿಯಲ್ಲಿ ದೊಡ್ಡ ದೊಡ್ಡ ಟ್ರಕ್ಕುಗಳು ಪಕ್ಕದಲ್ಲೇ ಹಾದುಹೋದವು. ನಾವು ಅವುಗಳ ಚಕ್ರದ ಮಟ್ಟಕ್ಕೆ ಕೂತು ಹೋಗುತ್ತಿದ್ದೆವು. ಅತ್ತೆ ಕಣ್ಣು ಮಿಟುಕಿಸದೆ ಮುಂದಿನ ರಸ್ತೆಯನ್ನು ನೋಡುತ್ತಿದ್ದರು. ಟೆಂಪೋದಲ್ಲಿ ಅವರು ಅಷ್ಟು ವರ್ಷ ನೋಡಿದ್ದು ಹಿಂದೆ ಸರಿಯುವ ರಸ್ತೆಯನ್ನು ಮಾತ್ರ. ಅಂಥ ಗಾಡಿಯಲ್ಲಿ ಕೂತು ಎದುರಿಗೆ ಬರುವ ರಸ್ತೆ ನೋಡುವುದು ಅವರಿಗೆ ಹೊಸದು. ಪಿಕರಿಂಗಿನ ಹತ್ತಿರ ಸರೋವರ ಕಂಡಾಗ ಸಮುದ್ರ ಎಂದರು. ನಾವಿಬ್ಬರೂ ತಿದ್ದಲಿಲ್ಲ.

ತುಕ್ರ ಮಾವನನ್ನು ಅವರ ಮೊಮ್ಮಗ ಪ್ರತೀಕ್ ಗಾಲಿಕುರ್ಚಿಯಲ್ಲಿ ಮನೆಯ ಮುಂದಕ್ಕೆ ತಂದು ನಿಲ್ಲಿಸಿದ್ದ. ಗಾಡಿ ನಿಂತಿತು. ಅತ್ತೆ ತಾವೇ ಬಾಗಿಲು ತೆಗೆದು, ಕಾಲುಗಳನ್ನು ಹೊರಗಿಟ್ಟು, ನೆಲಕ್ಕೆ ಪಾದ ಊರಿ ಎದ್ದು ನಿಂತರು. ತುಕ್ರ ಮಾವನ ಕಣ್ಣು ಅಕ್ಕನ ಮುಖದಿಂದ ಮುಂದಿನ ಸೀಟಿಗೆ ಹೋಯಿತು, ಸೀಟಿನಿಂದ ಅಕ್ಕನ ಮುಖಕ್ಕೆ ಬಂತು. ಫೋನಿನಲ್ಲಿ ಅಳುತ್ತಿದ್ದ ಮನುಷ್ಯ ಅವತ್ತು ಅಳಲಿಲ್ಲ. ಬಾಯಿಯ ಸರಿಯಿದ್ದ ಅರ್ಧ ನಕ್ಕಿತು.

ಊಟದ ಹೊತ್ತಿಗೆ ಅತ್ತೆ ಪಕ್ಕದಲ್ಲಿ ಕೂತು ಬಂಗುಡೆಯ ಮುಳ್ಳು ಬಿಡಿಸಿ ತಮ್ಮನ ತಟ್ಟೆಗೆ ಇಡುತ್ತಿದ್ದರು, ಅವರು ಎಡಗೈಯಲ್ಲಿ ತಿನ್ನುತ್ತಿದ್ದರು. ಉಳಿದವರೆಲ್ಲ ಕಿಂಗ್‌ಸ್ಟನ್, ಕಾಗದಪತ್ರ, ಬಟ್ಟೆಬರೆ ಎಂದು ಮಾತಾಡುತ್ತಲೇ ಇದ್ದೆವು. ಆ ಇಬ್ಬರ ತಟ್ಟೆಯ ಸುತ್ತ ಮಾತ್ರ ಬೇರೆಯೇ ಒಂದು ಮೌನವಿತ್ತು. ನನಗೆ ಇನ್ನೊಂದು ಸೌಟು ಬಡಿಸಲೂ ಭಯವಾಯಿತು.

ಹೊರಡುವಾಗ ಅತ್ತೆ ಬಂದ ಹಾಗೆಯೇ ಹತ್ತಿ ಕೂತರು. ಪ್ರಜ್ಞಾ ಇಂಜಿನ್ ಚಾಲೂ ಮಾಡಿದಳು, ಆದರೆ ಗೇರು ಹಾಕಲು ಅವಳಿಗೂ ಮನಸ್ಸಿಲ್ಲ. ಅತ್ತೆ ಹಿಂದಿರುಗಿ ನೋಡಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮುಂದೆ ನೋಡುತ್ತಿದ್ದರು. ಕನ್ನಡಿಯಲ್ಲಿ ನನಗೆ ಕಂಡಿತು. ತುಕ್ರ ಮಾವ ಎಡಗೈಯಿಂದ ಸನ್ನೆ ಮಾಡಿ ಕುರ್ಚಿಯನ್ನು ಗಾಡಿಯ ಹಿಂಬದಿಗೆ ತಳ್ಳಿಸಿಕೊಂಡರು. ಕಲ್ಲು ತುಂಬಿದ ತೊಟ್ಟಿಯ ಪಕ್ಕಕ್ಕೆ ಬಂದು ಕೈ ಎತ್ತಿದರು.

ತಗಡಿನ ಮೇಲೆ ಎರಡು ಸಲ ಬಡಿದರು.

ಪ್ರಜ್ಞಾ ಗಾಬರಿಯಾಗಿ, ಏನಾಯಿತು, ನಿಲ್ಲಿಸಲಾ ಎಂದು ಕೇಳಿದಳು.

"ಎಂತ ಇಲ್ಲ," ಎಂದರು ಅತ್ತೆ. "ರೈಟ್ ಹೇಳಿದ. ನೀನು ಗಾಡಿ ಬಿಡು."